ಚಿತ್ರದ ಕುದುರೆಗೆ ಬೆವರೇಕೆ?

ಸಿನಿಮಾ ಬಿಟ್ಟು ಹೊರಗೆ ಬರುವವರ ಬಾಯಲ್ಲಿ ಈಗ ಎರಡೇ ತೀರ್ಪು. ‘ಗ್ರಾಫಿಕ್ಸ್ ಅಂತ ಗೊತ್ತೇ ಆಗಲ್ಲ ಗುರೂ’ ಅಂದರೆ ಚಿತ್ರ ಗೆದ್ದಿತು. ‘ಗ್ರಾಫಿಕ್ಸ್ ಅಂತ ಗೊತ್ತಾಗಿಬಿಡುತ್ತೆ’ ಅಂದರೆ ಮುಗಿಯಿತು, ನಿರ್ಮಾಪಕ ತಲೆಯ ಮೇಲೆ ಟವಲ್ ಹಾಕಿಕೊಂಡ ಹಾಗೆಯೇ. ಬರೆಯುವ ವಿಮರ್ಶಕರ ಕೈಯಲ್ಲೂ ಇದೇ ತಕ್ಕಡಿ. ಮೊಬೈಲಿನಲ್ಲಿ, ಕಂಪ್ಯೂಟರಿನಲ್ಲಿ ಗೇಮ್ ಆಡುವ ಹುಡುಗರಂತೂ ಹೊಸದೊಂದು ಗೇಮಿನ ಟ್ರೇಲರ್ ಬಂದರೆ ಮೊದಲು ನೋಡುವುದು ಕೆಸರಿನಲ್ಲಿ ನೀರು ಹೇಗೆ ಹೊಳೆಯುತ್ತಿದೆ, ಮುಖದ ಮೇಲಿನ ಗುಳಿಗಳು ಕಾಣುತ್ತವೆಯೇ ಎಂದು. ಆ ಮುಖದ ಮನುಷ್ಯ ಯಾರು, ಅವನಿಗೇನು ಬೇಕು ಎಂಬುದು ಆಮೇಲಿನ ಮಾತು.

ಈ ತೀರ್ಪಿನ ಹಿಂದೆ ಯಾರೂ ಬಾಯಿಬಿಟ್ಟು ಹೇಳದ, ಆದರೆ ಎಲ್ಲರೂ ನಂಬಿರುವ ಒಂದು ಕಥೆಯಿದೆ. ಚಲಿಸುವ ಚಿತ್ರಗಳ ಚರಿತ್ರೆಯೆಲ್ಲ ವಾಸ್ತವದ ಕಡೆಗೆ ಹೊರಟ ಒಂದೇ ರಸ್ತೆ. ಕೈಯಲ್ಲಿ ಬರೆದ ಕಾರ್ಟೂನು, ರಟ್ಟಿನ ಕೋಟೆ, ತಂತಿಯ ಮೇಲೆ ಹಾರುವ ನಾರದ ಇವೆಲ್ಲ ಪಾಪ, ಗತಿಯಿಲ್ಲದ ಕಾಲದವು. ಈಗ ಯಂತ್ರ ಕೈಗೆ ಬಂದಿದೆ, ಊರು ಹತ್ತಿರವಾಗಿದೆ. ಈ ಕಥೆ ತಪ್ಪು. ಫೋಟೋದಂತೆ ಕಾಣುವುದು ಹಲವು ಶೈಲಿಗಳಲ್ಲಿ ಒಂದು ಶೈಲಿ, ಅಷ್ಟೇ. ಅದು ಗುರಿಯಲ್ಲ, ಅಳತೆಗೋಲೂ ಅಲ್ಲ. ಅದನ್ನು ಅಳತೆಗೋಲು ಮಾಡಿದವರು ಯಾರು, ಅದರಿಂದ ಯಾರಿಗೆ ಲಾಭವಾಯಿತು ಎಂಬುದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಸಿಂಹಗಳನ್ನು ನೋಡೋಣ. 1994ರಲ್ಲಿ ಡಿಸ್ನಿಯವರು ಕೈಯಲ್ಲಿ ಬರೆದು ಮಾಡಿದ ‘ದಿ ಲಯನ್ ಕಿಂಗ್’ ಬಂತು. 2019ರಲ್ಲಿ ಜಾನ್ ಫಾವ್ರೋ ನಿರ್ದೇಶನದಲ್ಲಿ ಅದೇ ಕಥೆ, ಹೆಚ್ಚುಕಡಿಮೆ ಅವೇ ದೃಶ್ಯಗಳು, ಸುಮಾರು 25 ಕೋಟಿ ಡಾಲರ್ ವೆಚ್ಚದಲ್ಲಿ ಮತ್ತೆ ಬಂದವು. ಈ ಸಲದ ಸಿಂಹಗಳು ವನ್ಯಜೀವಿ ಸಾಕ್ಷ್ಯಚಿತ್ರದಿಂದ ಎದ್ದುಬಂದಂತಿದ್ದವು. ಇಡೀ ಚಿತ್ರದಲ್ಲಿ ಕ್ಯಾಮೆರಾದಿಂದ ತೆಗೆದ ನಿಜವಾದ ಶಾಟ್ ಒಂದೇ ಒಂದು; ಉಳಿದದ್ದೆಲ್ಲ ಕಂಪ್ಯೂಟರಿನದು. ಅಂದರೆ ಅದು ಪೂರಾ ಆ್ಯನಿಮೇಶನ್ ಚಿತ್ರ. ಆದರೂ ಅದನ್ನು ಮಾರಿದ್ದು ಆ್ಯನಿಮೇಶನ್ ಎಂಬ ಹೆಸರನ್ನು ಆದಷ್ಟು ದೂರವಿಟ್ಟು. ತಾನು ಏನೋ ಅದನ್ನು ಹೇಳಿಕೊಳ್ಳಲು ನಾಚುವ ಕಲೆಯಿಂದ ಏನನ್ನು ನಿರೀಕ್ಷಿಸುವುದು?

ಒಂದು ದೃಶ್ಯವನ್ನು ಹತ್ತಿರದಿಂದ ನೋಡಿ. ಕಾಡೆಮ್ಮೆಗಳಂಥ ವೈಲ್ಡ್‌ಬೀಸ್ಟ್‌ಗಳ ಕಾಲ್ತುಳಿತ ಮುಗಿದಿದೆ. ಧೂಳು. ಮರಿ ಸಿಂಬ ಅಪ್ಪನ ಶವದ ಬಳಿ ಬರುತ್ತಾನೆ. 1994ರ ಸಿಂಬನಿಗೆ ಹುಬ್ಬಿದೆ. ಸಿಂಹಕ್ಕೆಲ್ಲಿಯ ಹುಬ್ಬು? ಚಿತ್ರಕಾರ ಬರೆದ, ಆದ್ದರಿಂದ ಇದೆ. ಆ ಹುಬ್ಬು ಮೊದಲು ಮೇಲೇರುತ್ತದೆ, ನಂಬಿಕೆಯಿಂದ. ಆಮೇಲೆ ನಡುವೆ ಮುದುಡುತ್ತದೆ, ಭಯದಿಂದ. ಕೊನೆಗೆ ಮುಖವೆಲ್ಲ ಹುಬ್ಬಿನ ಹಿಂದೆ ಕುಸಿಯುತ್ತದೆ. ಕಿವಿ ಜಗ್ಗಿ ಎಬ್ಬಿಸಲು ನೋಡುವ ಮರಿಯ ದುಃಖ ಒಂದು ಮಗುವಿನ ದುಃಖವಾಗುವುದು ಆ ಎರಡು ಗೆರೆಗಳಲ್ಲಿ. 2019ರ ಸಿಂಬನಿಗೆ ನಿಜ ಸಿಂಹದ ಮುಖ. ನಿಜ ಸಿಂಹ ತನ್ನ ಮನಸ್ಸನ್ನು ತೋರುವುದು ಕಿವಿಯಲ್ಲಿ, ಬಾಲದಲ್ಲಿ, ಮೈಯ ಬಿಗಿತದಲ್ಲಿ, ಹುಬ್ಬಿನಲ್ಲಲ್ಲ. ಹಾಗಾಗಿ ಪರದೆಯ ಮೇಲೆ ಒಂದು ಮರಿ ಬಾಯಿ ತೆರೆದು ಮುಚ್ಚುತ್ತದೆ, ಎಲ್ಲಿಂದಲೋ ಮನುಷ್ಯನ ಅಳು ಕೇಳುತ್ತದೆ. ಎರಡೂ ಒಂದನ್ನೊಂದು ಮುಟ್ಟುವುದಿಲ್ಲ. ಅದು ಸಿಂಹವೂ ಆಗಲಿಲ್ಲ, ನಟನೂ ಆಗಲಿಲ್ಲ.

ಹಾಡುಗಳ ಗತಿಯೂ ಅದೇ. ಹಳೆಯ ಚಿತ್ರದಲ್ಲಿ ಸಿಂಬ ತಾನು ರಾಜನಾಗುವೆನೆಂದು ಹಾಡುವಾಗ ಆಕಾಶದ ಬಣ್ಣವೇ ಬದಲಾಗುತ್ತದೆ, ಪ್ರಾಣಿಗಳು ಒಂದರ ಮೇಲೊಂದು ಹತ್ತಿ ಗೋಪುರವಾಗುತ್ತವೆ. ಹುಡುಗನೊಬ್ಬನ ಅಹಂಕಾರಕ್ಕೆ ಜಗತ್ತು ತಾಳ ಹಾಕುವ ಪರಿ ಅದು. ಹೊಸದರಲ್ಲಿ ಪ್ರಾಣಿಗಳು ನೀರಿನ ಹೊಂಡದ ಬಳಿ ಓಡಾಡುತ್ತವೆ, ಅಷ್ಟೇ. ನಿಜ ಜಿರಾಫೆ ಗೋಪುರ ಕಟ್ಟುವುದಿಲ್ಲವಲ್ಲ! ಖಳನಾದ ಸ್ಕಾರ್‌ನ ಹಾಡು ಹಸಿರು ಹೊಗೆ, ಕವಾಯತು ನಡೆಸುವ ಕತ್ತೆಕಿರುಬಗಳ ಸಾಲು ಎಲ್ಲ ಕಳೆದುಕೊಂಡು ಬಂಡೆಯ ಮೇಲಿನ ಗೊಣಗಾಟವಾಯಿತು. ರಾತ್ರಿಯ ಪ್ರೇಮಗೀತೆ ಹಾಡಹಗಲಲ್ಲಿ ನಡೆಯಿತು. ಇಷ್ಟನ್ನೆಲ್ಲ ಕಿತ್ತುಕೊಂಡ ವಾಸ್ತವ ಬದಲಿಗೆ ಕೊಟ್ಟದ್ದೇನು? ಸಿಂಬನ ಕೂದಲಿನ ಒಂದು ಎಳೆ ಗಾಳಿಯಲ್ಲಿ ಹಾರಿ, ಜಿರಾಫೆಯ ಹೊಟ್ಟೆ ಸೇರಿ, ಲದ್ದಿಯಲ್ಲಿ ಹೊರಬಂದು, ಸಗಣಿಹುಳು ಉರುಳಿಸುವ ಉಂಡೆಯಲ್ಲಿ ಪ್ರಯಾಣ ಮಾಡುವ ದೀರ್ಘ ದೃಶ್ಯ. ಲದ್ದಿ ಅದ್ಭುತವಾಗಿತ್ತು, ಒಪ್ಪಿದೆ.

ಇದರ ಎದುರಿಗೆ ‘ಫ್ಲೋ’ ಇಡುತ್ತೇನೆ. ಲಾಟ್ವಿಯಾದ ಗಿಂಟ್ಸ್ ಜಿಲ್ಬಲೋಡಿಸ್ 2024ರಲ್ಲಿ ಮಾಡಿದ ಚಿತ್ರ. ಸುಮಾರು 35 ಲಕ್ಷ ಯೂರೋದಲ್ಲಿ, ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದಾದ ಬ್ಲೆಂಡರ್ ಸಾಫ್ಟ್‌ವೇರಿನಲ್ಲಿ. 2025ರಲ್ಲಿ ಅತ್ಯುತ್ತಮ ಆ್ಯನಿಮೇಶನ್ ಚಿತ್ರದ ಆಸ್ಕರ್ ಪಡೆಯಿತು. ಅದರ ಕಪ್ಪು ಬೆಕ್ಕಿಗೆ ಎಣಿಸಬಹುದಾದ ಕೂದಲಿಲ್ಲ, ಕುಂಚದ ಹೊಡೆತದಂಥ ಮೈಬಣ್ಣ ಮಾತ್ರ. ಆದರೆ ಅದು ನೀರಿಗೆ ಅಂಜುವಾಗ ಹಿಂಗಾಲು ಮೊದಲು ಹಿಂದೆ ಸರಿಯುತ್ತದೆ, ಅನುಮಾನ ಬಂದರೆ ಕಿವಿ ಚಪ್ಪಟೆಯಾಗುತ್ತದೆ. ಬೆಕ್ಕು ಸಾಕಿದವರು ಎರಡನೆಯ ನಿಮಿಷಕ್ಕೇ ಸೋಲುತ್ತಾರೆ. ಚಿತ್ರದಲ್ಲಿ ಒಂದೇ ಒಂದು ಮಾತಿಲ್ಲ. ಸ್ವಾರಸ್ಯ ಇರುವುದು ಅದರ ಧ್ವನಿಯಲ್ಲಿ: ಪ್ರಾಣಿಗಳ ದನಿಗಾಗಿ ನಿಜ ಪ್ರಾಣಿಗಳನ್ನೇ ರೆಕಾರ್ಡ್ ಮಾಡಿದರು. ಆದರೆ ಕ್ಯಾಪಿಬಾರಾ ಎಂಬ ಆ ದೊಡ್ಡ, ಶಾಂತ ಸ್ವಭಾವದ ಮೂಷಿಕಕ್ಕೆ ಅದರದೇ ಕೀಚಲು ದನಿ ಹೊಂದಲಿಲ್ಲ. ಕೊನೆಗೆ ಒಂಟೆಮರಿಯ ದನಿ ಹಾಕಿದರು. ನಿಜವಾದ ದನಿ ಸುಳ್ಳು ಅನ್ನಿಸಿತು, ಸುಳ್ಳು ದನಿ ನಿಜ ಅನ್ನಿಸಿತು. ನಾನು ಹೇಳಬೇಕೆಂದಿರುವುದರ ಮುಕ್ಕಾಲು ಭಾಗ ಆ ಒಂಟೆಮರಿಯೇ ಹೇಳಿ ಮುಗಿಸಿದೆ.

ಈ ಪಾಠ ಹೊಸದಲ್ಲ. 1937ರ ‘ಸ್ನೋ ವೈಟ್’ ಮಾಡುವಾಗ ಡಿಸ್ನಿಯವರು ಮಾರ್ಜ್ ಚಾಂಪಿಯನ್ ಎಂಬ ನರ್ತಕಿಯ ಚಲನೆಯನ್ನು ಫಿಲ್ಮಿನಲ್ಲಿ ಹಿಡಿದು ಮುಂದಿಟ್ಟುಕೊಂಡಿದ್ದರು. ಆ ಸ್ಟುಡಿಯೋದ ಹಿರಿಯರಾದ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ 1981ರಲ್ಲಿ ಬರೆದ ಪುಸ್ತಕದಲ್ಲಿ ಸ್ಪಷ್ಟವಾಗಿ ಹೇಳುತ್ತಾರೆ: ಫಿಲ್ಮಿನ ಮೇಲೆ ಹಾಳೆಯಿಟ್ಟು ಹಾಗೆ ಹಾಗೇ ತಿದ್ದಿದರೆ ಜೀವ ಹೋಗುತ್ತದೆ, ನೋಡಿ, ಅರ್ಥಮಾಡಿಕೊಂಡು, ಹಿಗ್ಗಿಸಿ ಬರೆದರೆ ಜೀವ ಬರುತ್ತದೆ. ಆ ಚಿತ್ರದಲ್ಲಿ ಇವತ್ತಿಗೂ ನೆನಪಿರುವವರು ಏಳು ಕುಳ್ಳರು, ಗೆರೆ ಮೀರಿ ಉಬ್ಬಿಸಿ ಬರೆದ ಮೂಗಿನವರು. ಮನುಷ್ಯನಂತೆಯೇ ಇರುವ ರಾಜಕುಮಾರನ ಮುಖ ಯಾರಿಗಾದರೂ ನೆನಪಿದೆಯೇ?

ಪಾಠ ಮರೆತವರು ದುಬಾರಿ ಬೆಲೆ ತೆತ್ತರು. 2001ರ ‘ಫೈನಲ್ ಫ್ಯಾಂಟಸಿ: ದಿ ಸ್ಪಿರಿಟ್ಸ್ ವಿದಿನ್’ ಚಿತ್ರದ ನಾಯಕಿ ಆಕಿ ರಾಸ್‌ಗೆ ಸುಮಾರು 60,000 ಕೂದಲು. ಒಂದೊಂದೂ ಬೇರೆ ಬೇರೆಯಾಗಿ ಅಲ್ಲಾಡುವಂಥದ್ದು. ಪ್ರಚಾರವೆಲ್ಲ ಆ ಕೂದಲಿನ ಬಗ್ಗೆ. 13.7 ಕೋಟಿ ಡಾಲರ್ ಸುರಿದ ಚಿತ್ರ 8.5 ಕೋಟಿಯಷ್ಟು ವಾಪಸು ತಂದು, ಹೊನೊಲುಲುವಿನ ಸ್ಟುಡಿಯೋವನ್ನೇ ಮುಚ್ಚಿಸಿತು. 2004ರ ‘ದಿ ಪೋಲಾರ್ ಎಕ್ಸ್‌ಪ್ರೆಸ್’ನಲ್ಲಿ ಟಾಮ್ ಹ್ಯಾಂಕ್ಸ್ ಮೈತುಂಬ ಬಿಂದುಗಳನ್ನು ಅಂಟಿಸಿಕೊಂಡು ಹಲವು ಪಾತ್ರ ಮಾಡಿದರು, ಕ್ರಿಸ್‌ಮಸ್‌ಗೆ ಹೊರಟ ಮಕ್ಕಳ ಕಣ್ಣುಗಳು ಸತ್ತಂತಿವೆ ಎಂದು ವಿಮರ್ಶಕರು ಬೆಚ್ಚಿದರು. ಟೋಕಿಯೋದ ರೋಬಾಟ್ ತಜ್ಞ ಮಸಾಹಿರೊ ಮೋರಿ 1970ರಲ್ಲೇ ಇದನ್ನು ಬರೆದಿಟ್ಟಿದ್ದರು. ಬೊಂಬೆ ಮನುಷ್ಯನ ಹತ್ತಿರ ಹತ್ತಿರ ಬಂದಂತೆ ನಮಗೆ ಅಕ್ಕರೆ ಹೆಚ್ಚುತ್ತದೆ, ತೀರಾ ಹತ್ತಿರ ಬಂದಾಗ ಇದ್ದಕ್ಕಿದ್ದಂತೆ ಹೇಸಿಗೆಯ ಕಮರಿ. ಈ ಕಮರಿಯ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ಆದರೆ ಅವರು ಕೊಟ್ಟ ಸಲಹೆಯನ್ನು ಯಾರೂ ಹೇಳುವುದಿಲ್ಲ. ಕಮರಿ ದಾಟಿ ಆಚೆಯ ಶಿಖರ ಹತ್ತಿ ಎಂದು ಮೋರಿ ಹೇಳಲಿಲ್ಲ. ಈಚೆಯ ಶಿಖರದಲ್ಲೇ ನಿಲ್ಲಿ ಎಂದರು. ಅದೇ ಪ್ರಬಂಧದ ಇನ್ನೊಂದು ಕಡೆ ಅವರು ನೆನೆದದ್ದು ಜಪಾನಿನ ಬುನ್‌ರಾಕು ಬೊಂಬೆಯಾಟವನ್ನು: ಚರ್ಮ ಮನುಷ್ಯನದಲ್ಲ, ಗಾತ್ರವೂ ಅಲ್ಲ, ಆದರೂ ರಂಗದ ಮೇಲೆ ಅದು ಅತ್ತರೆ ನಾವು ಅಳುತ್ತೇವೆ.

ನಮ್ಮ ತೊಗಲುಬೊಂಬೆಯವರಿಗೆ ಮೋರಿಯ ಪ್ರಬಂಧ ಓದುವ ಅಗತ್ಯವಿರಲಿಲ್ಲ. ಅವರ ಬೊಂಬೆಯ ಗಾತ್ರ ಪಾತ್ರದ ಪದವಿಗೆ ತಕ್ಕಂತೆ: ರಾಜ ದೊಡ್ಡವ, ಆಳು ಚಿಕ್ಕವ. ದೂರದಲ್ಲಿರುವುದು ಚಿಕ್ಕದಾಗಿ ಕಾಣುತ್ತದೆ ಎಂಬ ಕಣ್ಣಿನ ನಿಯಮಕ್ಕಿಂತ ಕಥೆಯ ನಿಯಮ ಅವರಿಗೆ ಮುಖ್ಯ. ಇನ್ನು ತಾಳಮದ್ದಳೆಯಲ್ಲಿ ವೇಷವೂ ಇಲ್ಲ, ಕುಣಿತವೂ ಇಲ್ಲ. ಪಂಚೆ ಉಟ್ಟು ಕುಳಿತ ಅರ್ಥಧಾರಿ ಬರೀ ಮಾತಿನಲ್ಲಿ ಕುರುಕ್ಷೇತ್ರ ಕಟ್ಟುತ್ತಾನೆ. ಕೇಳುವವರು ಬೆಳಗಿನ ತನಕ ಕೂರುತ್ತಾರೆ.

ಇದರ ಶಾಸ್ತ್ರವೂ ನಮ್ಮಲ್ಲಿ ಹಳೆಯದು. ನಾಟ್ಯಶಾಸ್ತ್ರದ ಭರತ ಲೋಕಧರ್ಮಿ, ನಾಟ್ಯಧರ್ಮಿ ಎಂದು ಎರಡು ದಾರಿ ಹೇಳಿದ. ಒಂದು ಲೋಕದಲ್ಲಿ ಇರುವಂತೆ, ಇನ್ನೊಂದು ರಂಗದ ಕಟ್ಟಳೆಯಂತೆ. ಮೊದಲನೆಯದು ಎರಡನೆಯದಕ್ಕಿಂತ ಮುಂದುವರಿದದ್ದು ಎನ್ನಲಿಲ್ಲ. ಅವನ ವ್ಯಾಖ್ಯಾನಕಾರ ಶಂಕುಕ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ರಾಮನ ಪಾತ್ರಧಾರಿಯನ್ನು ನೋಡುವಾಗ ನಮ್ಮ ತಲೆಯಲ್ಲಿ ನಡೆಯುವುದೇನು? ಇವನು ನಿಜವಾಗಿ ರಾಮ ಎಂಬ ತಿಳಿವಲ್ಲ. ಮೋಸಹೋಗಿ ರಾಮ ಅಂದುಕೊಳ್ಳುವ ಭ್ರಮೆಯಲ್ಲ. ರಾಮನೋ ಅಲ್ಲವೋ ಎಂಬ ಸಂಶಯವಲ್ಲ. ರಾಮನ ಹಾಗಿದ್ದಾನೆ ಎಂಬ ಹೋಲಿಕೆಯೂ ಅಲ್ಲ. ಚಿತ್ರದಲ್ಲಿ ಬರೆದ ಕುದುರೆಯನ್ನು ಕುದುರೆ ಎನ್ನುತ್ತೇವಲ್ಲ, ಆ ಬಗೆಯದು. ಅದೇ ಚಿತ್ರತುರಗ ನ್ಯಾಯ. ರಸವೆಂದರೆ ಅನುಕರಣೆಯಿಂದ ಬರುವುದು ಎಂಬ ಶಂಕುಕನ ಮಾತನ್ನು ಅಭಿನವಗುಪ್ತ ಮುಂದೆ ಬಲವಾಗಿ ಖಂಡಿಸಿದ, ಅದು ಬೇರೆ ವ್ಯಾಜ್ಯ. ಆದರೆ ಕುದುರೆ ಉಳಿಯಿತು. ನೋಡುಗ ಮೋಸಹೋಗಲು ಬಂದಿಲ್ಲ, ಒಪ್ಪಿಕೊಳ್ಳಲು ಬಂದಿದ್ದಾನೆ. ‘ಗ್ರಾಫಿಕ್ಸ್ ಅಂತ ಗೊತ್ತಾಗಬಾರದು’ ಎನ್ನುವವರು ಮೋಸವನ್ನೇ ಕಲೆಯ ಕೆಲಸ ಮಾಡಿಬಿಟ್ಟಿದ್ದಾರೆ.

ಈ ಮೋಸ ಫಲಿಸುವುದೂ ಇಲ್ಲ, ಅದು ಇನ್ನೊಂದು ತಮಾಷೆ. ಸಿನಿಮಾ ಸೆಕೆಂಡಿಗೆ 24 ಫ್ರೇಮಿನಲ್ಲಿ ಓಡುತ್ತದೆ. ಕಣ್ಣಿಗೆ ಇನ್ನಷ್ಟು ಕೊಟ್ಟರೆ ಇನ್ನಷ್ಟು ನಿಜವಾಗುತ್ತದೆ ಎಂದು ಪೀಟರ್ ಜ್ಯಾಕ್ಸನ್ 2012ರಲ್ಲಿ ‘ದಿ ಹಾಬಿಟ್’ ಚಿತ್ರವನ್ನು 48 ಫ್ರೇಮಿನಲ್ಲಿ ತೆಗೆದರು. ನೋಡಿದವರಿಗೆ ಕಂಡದ್ದೇನು? ಸೆಟ್ಟು ಸೆಟ್ಟಿನಂತೆ ಕಂಡಿತು, ಗಡ್ಡ ಅಂಟಿಸಿದ ಗಡ್ಡದಂತೆ. ನಿಮ್ಮ ಮನೆಗೆ ಹೊಸ ಟಿವಿ ತಂದ ದಿನವೂ ಇದೇ ಆಗಿರುತ್ತದೆ: ನಡುವೆ ಇಲ್ಲದ ಫ್ರೇಮುಗಳನ್ನು ತಾನೇ ಹುಟ್ಟಿಸಿ ಚಲನೆಯನ್ನು ನುಣುಪು ಮಾಡುವ ಸೆಟ್ಟಿಂಗ್ ಕಾರ್ಖಾನೆಯಿಂದಲೇ ಆನ್ ಆಗಿ ಬಂದಿರುತ್ತದೆ, ಒಳ್ಳೆಯ ಸಿನಿಮಾ ಮಧ್ಯಾಹ್ನದ ಸೀರಿಯಲ್ಲಿನಂತೆ ಕಾಣುತ್ತದೆ. ಅದನ್ನು ಆಫ್ ಮಾಡಿ ಎಂದು ಟಾಮ್ ಕ್ರೂಸ್ 2018ರಲ್ಲಿ ವಿಡಿಯೋ ಮಾಡಿ ಬೇಡಿಕೊಳ್ಳಬೇಕಾಯಿತು. ಕೊರತೆ ಎಂದುಕೊಂಡದ್ದು ಕಲೆಯ ಉಸಿರಾಗಿತ್ತು.

ಆ ಉಸಿರನ್ನು ಬೇಕೆಂದೇ ಹಿಡಿದು ಆಡಿಸಿದವರೂ ಇದ್ದಾರೆ. 2018ರ ‘ಸ್ಪೈಡರ್-ಮ್ಯಾನ್: ಇನ್‌ಟು ದಿ ಸ್ಪೈಡರ್-ವರ್ಸ್’ ಚಿತ್ರದಲ್ಲಿ ಕಾಡಿನ ಮರದಿಂದ ಮರಕ್ಕೆ ಜೀಕುವ ದೃಶ್ಯವಿದೆ. ಪಳಗಿದ ಪೀಟರ್‌ಗೆ ಸೆಕೆಂಡಿಗೆ 24 ಭಂಗಿ. ಹೊಸಬ ಮೈಲ್ಸ್‌ಗೆ 12 ಮಾತ್ರ, ಪ್ರತಿ ಭಂಗಿಯೂ ಎರಡು ಫ್ರೇಮು ನಿಲ್ಲುತ್ತದೆ. ಒಂದೇ ಪರದೆಯ ಮೇಲೆ ಇಬ್ಬರು, ಎರಡು ವೇಗ. ಯಾಕೆ ಎಂದು ನಮಗೆ ಗೊತ್ತಾಗುವುದಿಲ್ಲ, ಆದರೆ ಹುಡುಗ ತಡವರಿಸುತ್ತಿದ್ದಾನೆ, ಮೈ ಇನ್ನೂ ಹದಕ್ಕೆ ಬಂದಿಲ್ಲ ಎಂದು ಮೈಗೇ ಗೊತ್ತಾಗುತ್ತದೆ. ಯಾವ ನಿಜ ಕಾಡಿನಲ್ಲೂ ಕಾಲ ಹೀಗೆ ಎರಡಾಗಿ ಸೀಳಿಹೋಗುವುದಿಲ್ಲ.

ಇಸಾವೊ ತಕಾಹತ 2013ರಲ್ಲಿ ಮಾಡಿದ ‘ದಿ ಟೇಲ್ ಆಫ್ ದಿ ಪ್ರಿನ್ಸೆಸ್ ಕಗುಯಾ’ ಇದಕ್ಕಿಂತ ದೊಡ್ಡದು. ನನ್ನ ಮಟ್ಟಿಗೆ ಈ ವಾದವನ್ನು ಅಲ್ಲಿಗೇ ನಿಲ್ಲಿಸಬಹುದು. ಜಲವರ್ಣದ ತೆಳು ಚಿತ್ರ, ಅರ್ಧ ಹಾಳೆ ಖಾಲಿ. ನಾಮಕರಣದ ಔತಣದಲ್ಲಿ ಕುಡಿದ ಗಂಡಸರು ತನ್ನನ್ನು ಹೀಯಾಳಿಸುವುದು ಪರದೆಯ ಹಿಂದೆ ಕೂತ ಕಗುಯಾಳ ಕಿವಿಗೆ ಬೀಳುತ್ತದೆ. ಅವಳು ಎದ್ದು ಓಡುತ್ತಾಳೆ. ಬಾಗಿಲುಗಳು ಒಡೆಯುತ್ತವೆ, ಮೈಮೇಲಿನ ರೇಶಿಮೆಯ ಪದರಗಳು ಒಂದೊಂದಾಗಿ ಹಿಂದೆ ಹಾರುತ್ತವೆ. ಓಡಿದಂತೆ ಗೆರೆಯೂ ಒಡೆಯುತ್ತದೆ: ಬಣ್ಣ ಸೋರಿಹೋಗಿ, ಇದ್ದಿಲಿನಿಂದ ಗೀಚಿದ ಸಿಟ್ಟು ಮಾತ್ರ ಉಳಿಯುತ್ತದೆ. ಮುಖ ಯಾವುದು, ಮರ ಯಾವುದು ತಿಳಿಯುವುದಿಲ್ಲ. ಆ ಹೊತ್ತಿಗೆ ಅವಳ ಮುಖದ ಚರ್ಮದ ಗುಳಿ ತೋರಿಸಿದ್ದರೆ ಏನು ಸಿಗುತ್ತಿತ್ತು? ಮುಖ ಸಿಗುತ್ತಿತ್ತು. ಓಟ ಕೈಬಿಟ್ಟುಹೋಗುತ್ತಿತ್ತು.

ಗೇಮಿನವರಿಗೂ ಇದೇ ಮಾತು. 2000ದಲ್ಲಿ ನಿಂಟೆಂಡೊ ಕಂಪನಿ ತನ್ನ ‘ಜೆಲ್ಡಾ’ ಸರಣಿಯ ನಾಯಕನ ಕತ್ತಿಕಾಳಗವೊಂದನ್ನು ವಾಸ್ತವಕ್ಕೆ ಹತ್ತಿರದ ಶೈಲಿಯಲ್ಲಿ ತೋರಿಸಿ ಆಸೆ ಹುಟ್ಟಿಸಿತು. ಮರುವರ್ಷ ‘ದಿ ವಿಂಡ್ ವೇಕರ್’ ತೋರಿಸಿದಾಗ ಅದು ದಪ್ಪತಲೆಯ, ದೊಡ್ಡಕಣ್ಣಿನ ಕಾರ್ಟೂನು. ಅಭಿಮಾನಿಗಳು ಕೆಂಡವಾದರು. ಇವತ್ತು ಅದನ್ನು ಹಾಕಿ ನೋಡಿ, ನಿನ್ನೆ ಬರೆದಂತಿದೆ. ಅದರ ನಂತರ ಅಭಿಮಾನಿಗಳ ಆಸೆಯಂತೆ 2006ರಲ್ಲಿ ಬಂದ ‘ಟ್ವೈಲೈಟ್ ಪ್ರಿನ್ಸೆಸ್’ ಮಸುಕು ಮಸುಕಾಗಿ, ತನ್ನ ವರ್ಷವನ್ನು ಹಣೆಯ ಮೇಲೆ ಬರೆದುಕೊಂಡು ನಿಂತಿದೆ. ವಾಸ್ತವದ ಬೆನ್ನು ಹತ್ತಿದ ಚಿತ್ರ ಮುಂದಿನ ಯಂತ್ರ ಬಂದ ದಿನವೇ ಮುದಿಯಾಗುತ್ತದೆ.

‘ರೆಡ್ ಡೆಡ್ ರಿಡೆಂಪ್ಶನ್ 2’ ಎಂಬ 2018ರ ಗೇಮಿನಲ್ಲಿ ಚಳಿಯಾದರೆ ಗಂಡುಕುದುರೆಯ ವೃಷಣ ಕುಗ್ಗುತ್ತದೆ. ಇದನ್ನು ಜಗತ್ತಿನ ಗೇಮ್ ಪತ್ರಿಕೆಗಳೆಲ್ಲ ಸಾಧನೆ ಎಂದು ಬರೆದವು. ಅದೇ ಗೇಮಿನಲ್ಲಿ ಮೈತುಂಬ ಗುಂಡು ತಿಂದ ನಾಯಕ ಡಬ್ಬಿ ತಿಂಡಿ ತಿಂದು ಸರಿಹೋಗುತ್ತಾನೆ. ಗುಂಡಿನ ಗಾಯಕ್ಕೆ ಕಟ್ಟಳೆ ಸಾಕಾದರೆ ಕುದುರೆಗೆ ಯಾಕೆ ಸಾಲದು? ಆ ಗೇಮ್ ಕೆಟ್ಟದ್ದು ಎನ್ನುತ್ತಿಲ್ಲ. ಅದರ ಬರವಣಿಗೆ ಒಳ್ಳೆಯದು, ಸಾಯುತ್ತಿರುವ ಒಬ್ಬ ಮನುಷ್ಯನ ಕಥೆ ಅದರಲ್ಲಿದೆ. ಹೊಗಳಿಕೆ ಮಾತ್ರ ಕುದುರೆಯ ಹಿಂಬದಿಗೆ ಹೋಯಿತು. ಇತ್ತ ‘ಮೈನ್‌ಕ್ರಾಫ್ಟ್’ ಚೌಕ ಚೌಕದ ಹಂದಿ, ಚೌಕದ ಸೂರ್ಯನನ್ನಿಟ್ಟುಕೊಂಡು 30 ಕೋಟಿಗೂ ಹೆಚ್ಚು ಪ್ರತಿ ಮಾರಿದೆ. ಪುಣೆಯ ತಂಡವೊಂದು 2020ರಲ್ಲಿ ತಂದ ‘ರಾಜಿ’ ಗೇಮ್ ಕಥೆ ಹೇಳಲು ನೆರಳುಬೊಂಬೆಯನ್ನು ಬಳಸಿಕೊಂಡಿತು.

‘ಆದರೆ ಜನಕ್ಕೆ ಅದೇ ಬೇಕು, 2019ರ ಸಿಂಹ 160 ಕೋಟಿ ಡಾಲರ್ ಗಳಿಸಲಿಲ್ಲವೇ?’ ಎಂದು ಕೇಳುವವರಿದ್ದಾರೆ. ಗಳಿಸಿತು. ಜನ ಹೋದದ್ದು 1994ರಲ್ಲಿ ಕೈಯಲ್ಲಿ ಬರೆದ ಸಿಂಹದ ಮೇಲಿನ ಪ್ರೀತಿಯಿಂದಲೂ ಇರಬಹುದಲ್ಲ? ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಶೈಲಿ ಶೈಲಿ ಎನ್ನುವುದು ಕೆಟ್ಟ ಕೆಲಸಕ್ಕೆ ಹೊದಿಸುವ ಶಾಲು, ‘ಆದಿಪುರುಷ್’ ಥರದ್ದನ್ನೂ ಶೈಲಿ ಎನ್ನುತ್ತೀರಾ? 2022ರ ಅಕ್ಟೋಬರಿನಲ್ಲಿ ಅದರ ಟೀಸರ್ ನೋಡಿ ದೇಶ ನಕ್ಕಿತು, ಬಿಡುಗಡೆ ಮುಂದೆ ಹೋಯಿತು, ಗ್ರಾಫಿಕ್ಸ್ ತಿದ್ದಿಸಿದರು, 2023ರ ಜೂನಿನಲ್ಲಿ ಮತ್ತೆ ನಕ್ಕಿತು. ಎಲ್ಲರೂ ಹೇಳಿದ್ದು ‘ನಿಜ ಅನ್ನಿಸಲ್ಲ’ ಎಂದು. ರೋಗ ಅದಲ್ಲ. 1957ರ ‘ಮಾಯಾಬಜಾರ್’ನಲ್ಲಿ ಘಟೋತ್ಕಚನ ಬಾಯಿಗೆ ಲಾಡು ತಾವಾಗಿಯೇ ಹಾರಿ ಬೀಳುವುದು ಯಾವ ನಿಟ್ಟಿನಲ್ಲಿ ನಿಜ? ಆದರೂ ಇವತ್ತಿನ ಮಗು ಅದನ್ನು ನೋಡಿ ಕೇಕೆ ಹಾಕುತ್ತದೆ. ಅಲ್ಲಿ ಎಲ್ಲವೂ ಒಂದೇ ಜಗತ್ತಿನದು: ವೇಷ, ಮಾತು, ಹಾಡು, ಲಾಡು. ‘ಆದಿಪುರುಷ್’ ಪುರಾಣದ ಅತಿಶಯವನ್ನು ಫೋಟೋದ ಚರ್ಮದಲ್ಲಿ ತುರುಕಲು ಹೋಯಿತು. ಅದು ಸೋತದ್ದು ವಾಸ್ತವ ಸಾಲದೆ ಅಲ್ಲ, ವಾಸ್ತವದ ಹುಚ್ಚಿನಿಂದ.

ವಾಸ್ತವವೇ ಬೇಕಾದ ಕಡೆಯೂ ಉಂಟು. ‘ಲೈಫ್ ಆಫ್ ಪೈ’ನಲ್ಲಿ ದೋಣಿಯ ಮೇಲಿನ ಹುಲಿಯ ಒಂದೊಂದು ಕೂದಲೂ ನಿಜವಾಗಿರಲೇಬೇಕು, ಹುಲಿ ಇತ್ತೋ ಇಲ್ಲವೋ ಎಂಬುದೇ ಆ ಕಥೆಯ ಗಂಟು. ಅಲ್ಲಿ ಕಥೆ ಕೇಳಿತು, ಕಲಾವಿದರು ಕೊಟ್ಟರು. ಕೊಟ್ಟವರಿಗೆ ಸಿಕ್ಕಿದ್ದನ್ನೂ ಹೇಳಬೇಕು: ಹುಲಿಯನ್ನು ಮಾಡಿದ ರಿದಮ್ ಆ್ಯಂಡ್ ಹ್ಯೂಸ್ ಸಂಸ್ಥೆ 2013ರ ಫೆಬ್ರವರಿಯಲ್ಲಿ ದಿವಾಳಿ ಅರ್ಜಿ ಹಾಕಿತು, ಅದೇ ತಿಂಗಳು ಆ ಹುಲಿಗೆ ಆಸ್ಕರ್ ಬಂತು.

ಅಳತೆಗೋಲು ಯಾರದು ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಕಲೆಯ ಗುಣಗಳಲ್ಲಿ ದುಡ್ಡು ಕೊಟ್ಟರೆ ಲೆಕ್ಕಕ್ಕೆ ಸರಿಯಾಗಿ ಸಿಗುವುದು ಈ ವಾಸ್ತವವೊಂದೇ. ಇಷ್ಟು ಕೂದಲು, ಇಷ್ಟು ರೆಸಲ್ಯೂಶನ್, ಇಷ್ಟು ಫ್ರೇಮು ಎಂದು ಕರಾರಿನಲ್ಲಿ ಬರೆಯಬಹುದು, ಟ್ರೇಲರಿನಲ್ಲಿ ತೋರಿಸಬಹುದು, ಮುಂದಿನ ವರ್ಷ ಗ್ರಾಫಿಕ್ಸ್ ಕಾರ್ಡು ಮಾರಬಹುದು. ಕಗುಯಾಳ ಇದ್ದಿಲ ಗೆರೆಗೆ ಯಾವ ಕೊಟೇಶನ್ ಹಾಕುತ್ತೀರಿ? ದೊಡ್ಡ ಬಂಡವಾಳದವನನ್ನು ಚಿಕ್ಕ ಬಂಡವಾಳದವನಿಂದ ಬೇರ್ಪಡಿಸುವ ಬೇಲಿ ಈ ವಾಸ್ತವ. ನೋಡುಗರಾದ ನಾವು ಬೇಲಿಯ ಕಾವಲಿಗೆ ನಿಂತಿದ್ದೇವೆ, ಅದೂ ಸಂಬಳವಿಲ್ಲದೆ.

ಇದರ ಬಿಲ್ಲು ನಮ್ಮೂರಿಗೂ ಬಂತು. 2019ರ ಆ ಸಿಂಹಗಳನ್ನು ಮಾಡಿದ ಎಂಪಿಸಿ ಸಂಸ್ಥೆಗೆ ಬೆಂಗಳೂರಿನಲ್ಲಿ ದೊಡ್ಡ ಸ್ಟುಡಿಯೋ ಇತ್ತು. ಕೇಸರದ ಎಳೆಗಳ, ಸವನ್ನಾದ ಹುಲ್ಲಿನ ಹಿಂದೆ ಇಲ್ಲಿನ ಕಲಾವಿದರ ರಾತ್ರಿಪಾಳಿಗಳೂ ಇವೆ. 2025ರ ಫೆಬ್ರವರಿಯಲ್ಲಿ ಅದರ ಮಾತೃಸಂಸ್ಥೆ ಟೆಕ್ನಿಕಲರ್ ಕುಸಿದಾಗ ಬೆಂಗಳೂರಿನ ಬಾಗಿಲೂ ಮುಚ್ಚಿತು, ಸಾವಿರಾರು ಜನ ಬೀದಿಗೆ ಬಂದರು. ಹತ್ತಿಪ್ಪತ್ತು ವರ್ಷ ಇನ್ನೊಬ್ಬರ ಸಿಂಹಕ್ಕೆ ಕೂದಲು ನೆಟ್ಟ ಕೈಗಳು ಅವು. ಗೆರೆ ಬರೆಯಲೂ ಬಲ್ಲವು. ಅವರಲ್ಲಿ ನಾಲ್ಕು ಜನ ಸೇರಿ, ಬ್ಲೆಂಡರ್ ಇಳಿಸಿಕೊಂಡು, ತಮ್ಮದೇ ಕೈಬರಹದ ಒಂದು ಚಿತ್ರದ ಯೋಜನೆ ಹಿಡಿದು ನಿರ್ಮಾಪಕರ ಕಚೇರಿಗೆ ಹೋದರೆ ಎದುರಾಗುವ ಮೊದಲ ಪ್ರಶ್ನೆ ಏನೆಂದು ಈ ರಂಗದಲ್ಲಿ ಎಲ್ಲರಿಗೂ ಗೊತ್ತು: ‘ಇದೆಲ್ಲ ಸರಿ ಸ್ವಾಮಿ, ಆ ಹಾಲಿವುಡ್ ಸಿಂಹದ ಥರ ಮಾಡೋಕೆ ಎಷ್ಟಾಗುತ್ತೆ?’